ಮೊದಲು ತಳ್ಳಿ ನೋಡಿ, ಆಮೇಲೆ ಕೂತು ನೋಡಿ

ತಲೆ ನರೆತವರು ಬೈಕಿನ ಶೋರೂಮಿಗೆ ಕಾಲಿಟ್ಟರೆ ಅಲ್ಲಿನ ಹುಡುಗರು ಕೇಳುವ ಮೊದಲ ಪ್ರಶ್ನೆ, 'ಮೊಮ್ಮಗನಿಗಾ ಸಾರ್?' ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲಿ ನಾನು ನಾಲ್ಕು ಶೋರೂಮು ಸುತ್ತಿದೆ. ನಾಲ್ಕರಲ್ಲೂ ಇದೇ ಮಾತು. 'ಅಲ್ಲಪ್ಪಾ, ನನಗೇ' ಎಂದರೆ ಮೆಲ್ಲಗೆ ಸ್ಕೂಟರಿನ ಕಡೆ ಕರೆದುಕೊಂಡು ಹೋಗುತ್ತಾರೆ.

ಸ್ಕೂಟರನ್ನು ನಾನು ಹಳಿಯುವುದಿಲ್ಲ. ಕಡೂರಿನ ಪೇಟೆಯೊಳಗೆ ತರಕಾರಿ ಚೀಲ ಇಟ್ಟುಕೊಂಡು ಬರಲು ಅದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ನಮ್ಮ ಅಗತ್ಯ ಬೇರೆ. ನನ್ನ ಹೆಂಡತಿಯ ಅಕ್ಕ ಅಜ್ಜಂಪುರದಿಂದ ಆಚೆ ಒಂದು ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಆ ಊರಿಗೆ ಬಸ್ಸು ಬಂದರೆ ಬಂತು. ಕಾರು ಮಗನ ಜೊತೆ ಬೆಂಗಳೂರಿನಲ್ಲಿದೆ. ವಾರಕ್ಕೊಮ್ಮೆ ಹೋಗಿ ಅಕ್ಕನ ಮಾತ್ರೆ ಡಬ್ಬಿ ತುಂಬಿಸಿ, ಎರಡು ಮಾತಾಡಿ ಬರಬೇಕು ಎಂಬುದು ಇವಳ ಹಟ. ಆ ದಾರಿಯ ಗುಂಡಿಗಳಿಗೆ ಹತ್ತು ಹನ್ನೆರಡು ಇಂಚಿನ ಸ್ಕೂಟರ್ ಚಕ್ರ ಪೂರ್ತಿ ಇಳಿದುಬಿಡುತ್ತದೆ. ದೊಡ್ಡ ಚಕ್ರ ಅದೇ ಗುಂಡಿಯ ಎರಡು ಅಂಚನ್ನೂ ಹಿಡಿದು ದಾಟುತ್ತದೆ. ಮಕ್ಕಳು ಬೇಕಾದರೆ ಒಂದು ಬಳೆಯನ್ನೂ ಒಂದು ಊಟದ ತಟ್ಟೆಯನ್ನೂ ನೆಲದ ಬಿರುಕಿನ ಮೇಲೆ ಉರುಳಿಸಿ ನೋಡಲಿ.

ನನಗೆ ಬೈಕು ಹೊಸದಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆ ಓಡಾಡಿದ್ದು ಯೆಜ್ಡಿಯಲ್ಲಿ. ನಮ್ಮ ಮೈಸೂರಿನದೇ ಬೈಕು ಅದು. ಐಡಿಯಲ್ ಜಾವಾ ಕಂಪನಿ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳನ್ನೂ 1973ರಿಂದ ಯೆಜ್ಡಿಗಳನ್ನೂ ತಯಾರಿಸಿತು. 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಗೇರಿನ ಕಡ್ಡಿಯಾಗುವ ಚಮತ್ಕಾರ ಅದರಲ್ಲಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ನಾನು ಅದನ್ನು ಮಾರಿ ಇಪ್ಪತ್ತೇಳು ವರ್ಷವಾಗಿತ್ತು.

'ಈ ವಯಸ್ಸಿನಲ್ಲಿ ಬೈಕಾ?' ಎಂದು ಮಗ ಫೋನಿನಲ್ಲಿ ರೇಗಿದ. ಅವನ ಭಯ ಸುಳ್ಳಲ್ಲ. ನನಗೆ ಎಪ್ಪತ್ತಮೂರು. ಬಲಮಂಡಿ ಮೆಟ್ಟಿಲಿಳಿಯುವಾಗ ಕಟಕಟ ಎನ್ನುತ್ತದೆ. ಹಿಂದೆ ಕೂರುವವಳಿಗೆ ಅರವತ್ತೆಂಟು. ಒಂದು ಸಲ ಬಿದ್ದರೆ ನಮ್ಮ ಮೂಳೆ ಕೂಡಲು ಇಪ್ಪತ್ತರ ಹುಡುಗನ ಮೂಳೆಯಷ್ಟು ಬೇಗ ಕೂಡದು. ಹಾಗಾಗಿ ಎಂಥ ಬೈಕು ಎಂಬುದು ಷೋಕಿಯ ಪ್ರಶ್ನೆಯಾಗಿರಲಿಲ್ಲ.

ಯಾರನ್ನು ಕೇಳಿದರೂ 'ಕ್ರೂಸರ್ ತಗೊಳ್ಳಿ, ಆರಾಮಾಗಿರುತ್ತೆ' ಎನ್ನುತ್ತಾರೆ. ಅಮೆರಿಕದ ಉದ್ದುದ್ದ ನೇರ ರಸ್ತೆಗಳಿಗಾಗಿ ಹುಟ್ಟಿದ ಮಾದರಿ ಇದು. ತಗ್ಗು ಸೀಟು, ಅಗಲದ ಹ್ಯಾಂಡಲ್, ಕಾಲು ಮುಂದಕ್ಕೆ ಚಾಚಿ ಕೂರುವ ಭಂಗಿ, ಎರಡು ಚಕ್ರಗಳ ನಡುವೆ ಹೆಚ್ಚು ಅಂತರ. ನಮ್ಮಲ್ಲಿ ಇದನ್ನು ಸಾಮಾನ್ಯರ ಕೈಗೆಟುಕಿಸಿದ್ದು 2001ರಲ್ಲಿ ಬಂದ ಬಜಾಜ್‌ನ ಎಲಿಮಿನೇಟರ್, ಅದರ ಬೆನ್ನಿಗೆ 2005ರಲ್ಲಿ ಬಂದ ಅವೆಂಜರ್. 2020ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್‌ನ ಮೀಟಿಯರ್ 350 ಬಂತು. ನಾನು ಕೊನೆಗೆ ತೂಗಿದ್ದು ಈ ಎರಡನ್ನೇ, ಅವೆಂಜರ್ 220 ಕ್ರೂಸ್ ಮತ್ತು ಮೀಟಿಯರ್.

ಬಿ.ಕಾಂ. ಓದಿದವನಿಗೆ ಒಂದು ಕೆಟ್ಟ ಚಾಳಿ. ಜಮೆ ಕಂಡರೆ ಖರ್ಚು ಎಲ್ಲಿ ಎಂದು ಹುಡುಕುತ್ತಾನೆ. ಕ್ರೂಸರಿನ 'ಆರಾಮ' ಎನ್ನುವ ಜಮೆಗೂ ಖರ್ಚಿನ ಕಡೆ ಕೆಲವು ಕಲಮುಗಳಿವೆ. ಶೋರೂಮಿನ ನುಣುಪು ನೆಲದ ಮೇಲೆ ಎರಡು ನಿಮಿಷ ಕೂತರೆ ಅವು ಕಾಣುವುದಿಲ್ಲ.

ಮೊದಲು ಅಳತೆ. ಮೊಮ್ಮಗಳು ರಜೆಗೆ ಬಂದಿದ್ದಳು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೊತ್ತಿ ಹಿಡಿದುಕೊಂಡೆ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅವಳು ಟೇಪು ಹಿಡಿದಳು. 'ತಾತ, ಎಪ್ಪತ್ತಾರು ಸೆಂಟಿಮೀಟರ್!' ಎಂದಳು, ನನ್ನ ಪರೀಕ್ಷೆಯ ಅಂಕ ಹೇಳಿದ ಹಾಗೆ. ಈಗ ಬೈಕುಗಳ ಸೀಟಿನ ಎತ್ತರ ನೋಡಿ: ಕ್ಲಾಸಿಕ್ 350ರದು 805 ಮಿಲಿಮೀಟರ್, ಹೋಂಡಾ ಹೈನೆಸ್‌ನದು 800, ಮೀಟಿಯರ್‌ನದು 765, ಅವೆಂಜರ್‌ನದು 737. ಎಪ್ಪತ್ತಾರು ಸೆಂಟಿಮೀಟರ್ ಎಂದರೆ 760 ಮಿಲಿಮೀಟರ್. ಎರಡೂ ಪಾದ, ಹಿಮ್ಮಡಿ ಸಮೇತ, ನೆಲಕ್ಕೆ ತಾಗಬೇಕೆಂದರೆ ಯಾವುದು ಎಂದು ಲೆಕ್ಕವೇ ಹೇಳುತ್ತದೆ. ಹರೆಯದಲ್ಲಿ ತುದಿಗಾಲು ಸಾಕಿತ್ತು. ಈಗ ಹಿಂದೆ ಒಬ್ಬರನ್ನು ಕೂರಿಸಿಕೊಂಡು ರೈಲ್ವೆ ಗೇಟಿನ ಮುಂದೆ ನಿಂತಾಗ ತುದಿಗಾಲಿನ ಆಟ ಬೇಡ.

ಎರಡನೆಯದು ತೂಕ. ಯಾರೂ ಕೇಳದ, ಎಲ್ಲರೂ ಕೇಳಬೇಕಾದ ವಿಷಯ ಇದು. ಓಡುತ್ತಿರುವ ಬೈಕಿಗೆ ತೂಕವಿಲ್ಲ. ನಿಂತ ಬೈಕಿಗೆ ಪೂರ್ತಿ ತೂಕ. ನಮ್ಮ ಮನೆಯ ಅಂಗಳ ಬೀದಿಗಿಂತ ತಗ್ಗು. ಬೆಳಿಗ್ಗೆ ಬೈಕನ್ನು ಏರಿನ ಮೇಲೆ ಹಿಮ್ಮುಖವಾಗಿ ತಳ್ಳಿ ಬೀದಿಗೆ ತರಬೇಕು. ಪೆಟ್ರೋಲ್ ಸಮೇತ ಅವೆಂಜರ್ 163 ಕೆ.ಜಿ., ಮೀಟಿಯರ್ 191. ವ್ಯತ್ಯಾಸ 28 ಕೆ.ಜಿ., ಅಂದರೆ ಒಂದು ಅಕ್ಕಿ ಮೂಟೆಗಿಂತ ಮೂರು ಕೆ.ಜಿ. ಹೆಚ್ಚು. ಶೋರೂಮಿನ ಹುಡುಗನಿಗೆ, 'ಎಂಜಿನ್ ಆಫ್ ಮಾಡಿ ಹೊರಗಿನ ಇಳಿಜಾರಿನಲ್ಲಿ ನಿಲ್ಲಿಸಪ್ಪ, ಹಿಂದಕ್ಕೆ ತಳ್ಳಿ ನೋಡ್ತೀನಿ' ಎಂದೆ. ಅವನಿಗೆ ನಗು. ಆದರೆ ನಿಲ್ಲಿಸಿದ. ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ಎತ್ತುವುದು, ಹಿಂದಕ್ಕೆ ಹತ್ತು ಹೆಜ್ಜೆ ತಳ್ಳುವುದು, ಹ್ಯಾಂಡಲ್ ಪೂರ್ತಿ ತಿರುಗಿಸಿ ಮತ್ತೆ ಮುಂದಕ್ಕೆ ತರುವುದು. ಈ ಮೂರನ್ನೂ ಇನ್ನೊಬ್ಬರ ಕೈ ಹಾಕಿಸದೆ, ಉಸಿರು ಕಟ್ಟದೆ ಮಾಡಲಾದರೆ ಆ ಬೈಕು ನಿಮ್ಮದು. ಆಗದಿದ್ದರೆ ಅದು ಎಷ್ಟೇ ಚೆಂದವಿದ್ದರೂ ಶೋರೂಮಿನದೇ.

ಮೂರನೆಯದು ಕಾಲಿಡುವ ಜಾಗ. ಇಲ್ಲಿ ಕ್ರೂಸರ್ ಸ್ವಲ್ಪ ಮೋಸ ಮಾಡುತ್ತದೆ. ಕಾಲು ಮುಂದಕ್ಕೆ ಚಾಚಿದಾಗ ಮಂಡಿ ಮಡಚುವುದು ಕಡಿಮೆ. ನನ್ನಂಥ ಮಂಡಿಯವರಿಗೆ ಸುಖವೋ ಸುಖ. ಆದರೆ ಮೈಯ ಭಾರವೆಲ್ಲ ಬೆನ್ನಹುರಿಯ ಬುಡದ ಮೇಲೆ. ಪಾದದ ಮೇಲೆ ಪೆಡಲು ನೇರ ಕೆಳಗಿದ್ದ ಹಳೆಯ ಬೈಕಿನಲ್ಲಿ ಹಂಪ್ ಬಂದರೆ ಕುಂಡೆಯನ್ನು ಒಂದಿಂಚು ಎತ್ತಿದರೆ ಸಾಕು, ಹೊಡೆತ ಮಂಡಿಯಲ್ಲಿ ಕರಗುತ್ತಿತ್ತು. ಕಾಲು ಮುಂದಿದ್ದರೆ ಏಳಲಾಗದು, ಕುರ್ಚಿಯಲ್ಲಿ ಕಾಲು ಚಾಚಿ ಕೂತು ಏಳಲು ಪ್ರಯತ್ನಿಸಿ ನೋಡಿ, ಗೊತ್ತಾಗುತ್ತದೆ. ನಮ್ಮ ಕಡೆಯ ಊರೂರಿಗೂ ಇರುವ, ಬಣ್ಣವಿಲ್ಲದ ಹಂಪುಗಳನ್ನು ನೆನೆದುಕೊಂಡು ಇದನ್ನು ತೂಗಬೇಕು. ಮೀಟಿಯರ್‌ನಲ್ಲಿ ಕಾಲು ಅಷ್ಟೊಂದು ಮುಂದಕ್ಕಿಲ್ಲ, ಅದು ಅದರ ಜಮೆ. ಸೊಂಟದ ನೋವಿರುವವರು ಮಂಡಿ ನೋವಿನವರ ಸಲಹೆ ಕೇಳಬಾರದು.

ಹಿಂದಿನ ಸೀಟಿನ ವಿಷಯವನ್ನು ಹಿಂದೆ ಕೂರುವವರೇ ತೀರ್ಮಾನಿಸಬೇಕು. ಇದನ್ನು ಎಷ್ಟು ಗಂಡಸರು ಮಾಡುತ್ತಾರೋ ಕಾಣೆ. ಸೀರೆ ಉಟ್ಟು ಒಂದೇ ಪಕ್ಕಕ್ಕೆ ಕೂರುವವರಿಗೆ ಹಿಡಿ, ಪಾದದ ಆಸರೆ, ಚಕ್ರಕ್ಕೆ ಸೆರಗು ಸಿಗದ ಹಾಗೆ ಮರೆ, ಇವು ಮೂರೂ ಬೈಕಿನಲ್ಲಿ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಂದ ಹೆಚ್ಚಿಸಲು ಆ ಮರೆಯನ್ನು ಬಿಚ್ಚಿಸುವ ಹುಡುಗರಿಗೆ ಏನು ಹೇಳೋಣ! ಇವಳು ಎರಡು ಬೈಕಿನ ಮೇಲೂ ಹತ್ತಿ ಇಳಿದು, ಮತ್ತೆ ಹತ್ತಿ, 'ಒಂದು ಕಡೆ ಕೂತರೆ ನಿಮ್ಮ ಬೈಕು ಎಳೀತದೆ, ನನಗೂ ಜೀವ ಕೈಯಲ್ಲಿ. ಚೂಡಿದಾರ್ ಹೊಲಿಸ್ಕೋತೀನಿ, ಎರಡೂ ಕಡೆ ಕಾಲು ಹಾಕ್ತೀನಿ' ಎಂದಳು. ಅವೆಂಜರ್ ಕ್ರೂಸ್‌ಗೆ ಹಿಂದೆ ಬೆನ್ನಾಸರೆ ಇದೆ. ಅದಕ್ಕೆ ಒರಗಿ, 'ಇದು ಸೈ' ಎಂದಳು. ಅರವತ್ತೆಂಟು ವರ್ಷ ಸೀರೆ ಬಿಟ್ಟು ಬೇರೆ ಉಡದವಳು ಅಕ್ಕನಿಗಾಗಿ ಅದನ್ನೂ ಬದಲಿಸಿದಳು.

ಅಲ್ಲಿಗೆ ಅವೆಂಜರ್ ಎಂದಾಯಿತು. ಅದರ ಖರ್ಚಿನ ಕಡೆಯೂ ಬರೆದಿಡುತ್ತೇನೆ. ಕಡ್ಡಿ ಚಕ್ರ, ಹಾಗಾಗಿ ಟ್ಯೂಬಿನ ಟೈರು. ಶಿವನಿ ಕಡೆ ಪಂಚರ್ ಆದರೆ ಮೀಟಿಯರ್‌ನ ಟ್ಯೂಬ್‌ಲೆಸ್ ಟೈರಿನಂತೆ ನಿಧಾನ ಗಾಳಿ ಬಿಡುತ್ತಾ ಮನೆ ಸೇರಿಸುವ ಭರವಸೆಯಿಲ್ಲ. ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಮೀಟಿಯರ್‌ಗೆ ಎರಡಕ್ಕೂ ಇದೆ. ತರೀಕೆರೆಯ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಆರಡಿ ಆಳು, ಅಂಗಳ ಸಮತಟ್ಟು. ಅವರು ಮೀಟಿಯರ್ ತೆಗೆದುಕೊಂಡರು, ಅವರಿಗೆ ಅದೇ ಸರಿ.

ಹಣದ ಮಾತು ಚುಟುಕಾಗಿ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹೊಸ ಬೈಕಿಗೆ ಥರ್ಡ್ ಪಾರ್ಟಿ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು.

ಹಣಕ್ಕಿಂತ ಮೊದಲು ನೋಡಬೇಕಾದದ್ದು ಡ್ರೈವಿಂಗ್ ಲೈಸೆನ್ಸ್. ಐವತ್ತೈದು ದಾಟಿದವರಿಗೆ ಅದು ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ, ವೈದ್ಯರ ಸಹಿಯ 1ಎ ನಮೂನೆ ಬೇಕು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಗೇರ್ ಇರುವ ಮೋಟಾರ್ ಸೈಕಲ್ ಎಂದು ಅದರಲ್ಲಿ ನಮೂದಾಗಿದೆಯೇ ಎಂದೂ ನೋಡಿಕೊಳ್ಳಿ. ವೈದ್ಯರಲ್ಲಿಗೆ ಹೇಗೂ ಹೋಗುತ್ತೀರಿ, ಕಣ್ಣಿನ ಪೊರೆಯನ್ನೂ ಕುತ್ತಿಗೆಯನ್ನೂ ನಿಜವಾಗಿ ಪರೀಕ್ಷಿಸಲು ಹೇಳಿ. ಭುಜದ ಮೇಲಿಂದ ಹಿಂದಿರುಗಿ ನೋಡಲಾಗದ ಕುತ್ತಿಗೆಯವರು ಹೆದ್ದಾರಿಗೆ ಹೋಗಬಾರದು.

ಬೈಕು ಬಂದ ಮೇಲೆ ಹದಿನೈದು ದಿನ ನಾನು ಊರು ಬಿಟ್ಟು ಹೋಗಲಿಲ್ಲ. ರಜೆಯ ದಿನ ಬೆಳಿಗ್ಗೆ ಖಾಲಿ ಬಯಲಿನಲ್ಲಿ ಎಂಟರ ಆಕಾರದಲ್ಲಿ ಸುತ್ತುವುದು, ಮೂವತ್ತರ ವೇಗದಿಂದ ಗೆರೆಯ ಮೇಲೆ ನಿಲ್ಲಿಸುವುದು. ಯೆಜ್ಡಿಯಲ್ಲಿ ಹಿಂದಿನ ಬ್ರೇಕನ್ನೇ ನಂಬಿ ಬಂದ ಕಾಲು ಇದು. ಈಗಿನ ಮುಂದಿನ ಡಿಸ್ಕ್ ಬ್ರೇಕಿಗೆ ಎರಡು ಬೆರಳು ಸಾಕು, ಅದನ್ನು ಕೈಗೆ ಹೊಸದಾಗಿ ಕಲಿಸಬೇಕು. ಹಳೆಯ ಬುಲೆಟ್ ಓಡಿಸಿದವರಿಗೆ ಇನ್ನೊಂದು ಅಪಾಯ. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇತ್ತು. ಈಗ ಎಲ್ಲವೂ ಅದಲುಬದಲು. ನಾಯಿ ಅಡ್ಡ ಬಂದ ಕ್ಷಣದಲ್ಲಿ ಕಾಲಿಗೆ ನೆನಪಾಗುವುದು ಹಳೆಯದೇ. ಅಂಥವರು ಹದಿನೈದಲ್ಲ, ಮೂವತ್ತು ದಿನ ಬಯಲಿನಲ್ಲೇ ಇರಲಿ.

ಮೊದಲ ಹೊರಸುತ್ತಿಗೆ ತರೀಕೆರೆ ಹತ್ತಿರದ ಅಮೃತಾಪುರ ಆರಿಸಿಕೊಂಡೆವು. 1196ರ ಹೊಯ್ಸಳ ದೇವಾಲಯ ಅದು, ಅಲ್ಲಿನ ಶಾಸನ ಕವಿ ಜನ್ನನದು. ಮಕ್ಕಳಿಗೆ ತೋರಿಸಲೇಬೇಕಾದ ಜಾಗ. ಹಿಂದಿರುಗುವಾಗ ಕೆಮ್ಮಣ್ಣುಗುಂಡಿ ಕಡೆಯ ಬೋರ್ಡು ನೋಡಿ ಇವಳು, 'ಅಲ್ಲಿಗೆ?' ಎಂದಳು. ಘಟ್ಟದ ತಿರುವು ಈ ವರ್ಷ ಬೇಡ ಎಂದೆ.

ಅಜ್ಜಂಪುರದ ದಾರಿಯನ್ನು ಈಗ ಪ್ರತಿ ವಾರ ಮಾಡುತ್ತೇವೆ. ಅಲ್ಲಿ ಎರಡು ಎಚ್ಚರ. ಸುಗ್ಗಿಯಲ್ಲಿ ರಾಗಿ ತೆನೆ, ಹುರುಳಿ ಬಳ್ಳಿಯನ್ನು ರಸ್ತೆಗೇ ಹರಡುತ್ತಾರೆ. ಅದರ ಮೇಲೆ ಬ್ರೇಕು ಹಿಡಿದರೆ ಚಕ್ರ ಎಣ್ಣೆಯ ಮೇಲೆ ಹೋದಂತೆ ಜಾರುತ್ತದೆ, ಬಳ್ಳಿ ಚೈನಿಗೂ ಸುತ್ತಿಕೊಳ್ಳುತ್ತದೆ. ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು, ಬ್ರೇಕು ಮುಟ್ಟದೆ ದಾಟಬೇಕು. ಇನ್ನೊಂದು, ಅಮೃತಮಹಲ್ ಕಾವಲಿನ ಆಸುಪಾಸು ದನಗಳು. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ವಂಶ. ಹಾರ್ನಿಗೆ ಹೆದರುವ ಜಾತಿಯಲ್ಲ. ಎರಡೂ ಪಾದ ನೆಲಕ್ಕೂರಿ, ಎಂಜಿನ್ ಆರಿಸಿ, ಅವು ದಾಟುವವರೆಗೆ ನಿಲ್ಲುತ್ತೇವೆ. 737 ಮಿಲಿಮೀಟರಿನ ಬೆಲೆ ನನಗೆ ತಿಳಿಯುವುದು ಆಗ.

ಹೊರಡುವುದು ಬೆಳಿಗ್ಗೆ ಏಳಕ್ಕೆ, ಮನೆ ಸೇರುವುದು ನಾಲ್ಕರೊಳಗೆ. ಮಳೆ ಬಂದರೆ ಇಲ್ಲ, ಕತ್ತಲಾದರೆ ಅಕ್ಕನ ಮನೆಯಲ್ಲೇ ಮಲಗುವುದು. ಇಬ್ಬರ ತಲೆಗೂ ಐಎಸ್‌ಐ ಗುರುತಿನ ಹೆಲ್ಮೆಟ್. ಇವು ಮಗ ಹಾಕಿದ ಷರತ್ತುಗಳು, ಕಾಗದದ ಮೇಲೆ ಬರೆಸಿ ಇಬ್ಬರಿಂದಲೂ ಸಹಿ ಮಾಡಿಸಿಕೊಂಡಿದ್ದಾನೆ. ಕಳೆದ ವಾರ ಅಕ್ಕ ಬಾಗಿಲಿಗೆ ಬಂದು ಬೈಕನ್ನು ಒಂದು ಸುತ್ತು ನೋಡಿ, ಹಿಂದಿನ ಸೀಟನ್ನು ಒತ್ತಿ, 'ನನ್ನನ್ನೂ ಒಂದ್ಸಲ ಅಜ್ಜಂಪುರದ ತನಕ ಕೂರಿಸ್ಕೊಂಡು ಹೋಗ್ತೀಯೇನೋ?' ಎಂದು ಕೇಳಿದರು. ಅದಕ್ಕೆ ಷರತ್ತಿನ ಕಾಗದದಲ್ಲಿ ಕಲಮಿಲ್ಲ. ಮಗನನ್ನು ಕೇಳಬೇಕು.