ಕಿರುಚುವವನು ಹಾಡಲು ನಿಂತಾಗ

ಖಾರದ ಊಟಕ್ಕೆ ಹೆಸರಾದ ಹೋಟೆಲಿನವನು ಒಂದು ಮಧ್ಯಾಹ್ನ ಬರೀ ಮೊಸರನ್ನ ಬಡಿಸಿದರೆ ಗಿರಾಕಿಗಳು ಸುಮ್ಮನಿರುತ್ತಾರೆಯೆ? ಅಮೆರಿಕದ ಡೆಫ್‌ಹೆವನ್ ಎಂಬ ಹೆವಿ ಮೆಟಲ್ ತಂಡ 2021ರ ಆಗಸ್ಟಿನಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿತು. ಹತ್ತು ವರ್ಷ ಗಂಟಲು ಹರಿಯುವಂತೆ ಕಿರುಚಿ ಹೊಟ್ಟೆ ಹೊರೆದ ಹಾಡುಗಾರ ಜಾರ್ಜ್ ಕ್ಲಾರ್ಕ್, ‘ಇನ್‌ಫಿನಿಟ್ ಗ್ರಾನೈಟ್’ ಎಂಬ ಆಲ್ಬಮ್ಮಿನಲ್ಲಿ ಇದ್ದಕ್ಕಿದ್ದಂತೆ ಮೆತ್ತಗೆ, ಮರ್ಯಾದಸ್ತನ ಹಾಗೆ ಹಾಡಿಬಿಟ್ಟ.

ಮೆಟಲ್ ಅಂದರೆ ನಮ್ಮವರಿಗೆ ತೀರಾ ಹೊಸದಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಬಾರಿಸಿ ಹೋದದ್ದನ್ನು ಪಡ್ಡೆ ಹುಡುಗರು ಈಗಲೂ ನೆನೆಯುತ್ತಾರೆ. ಡೆಫ್‌ಹೆವನ್ ಅದರ ಇನ್ನೂ ಉಗ್ರವಾದ ಕವಲು, ‘ಬ್ಲ್ಯಾಕ್ ಮೆಟಲ್’ನದ್ದು. ತೊಂಬತ್ತರ ದಶಕದ ಮೊದಲಲ್ಲಿ ನಾರ್ವೆಯಲ್ಲಿ ಮುಖಕ್ಕೆ ಬಿಳಿ ಕಪ್ಪು ಬಳಿದುಕೊಂಡ ಹುಡುಗರು ಬೆಳೆಸಿದ ಸಂಗೀತ ಅದು. ಅವರಲ್ಲಿ ಕೆಲವರು ಚರ್ಚುಗಳಿಗೇ ಬೆಂಕಿ ಇಟ್ಟು ಜೈಲು ಕಂಡವರು. ಡ್ರಮ್ಮು ಮೆಷಿನ್ ಗನ್ನಿನಂತೆ ಸಿಡಿಯುತ್ತದೆ, ದನಿ ಯಾರನ್ನೋ ಸುಡುತ್ತಿದ್ದಾರೇನೋ ಎಂಬಂತೆ ಕೇಳುತ್ತದೆ.

ಕ್ಲಾರ್ಕ್ ಹಿಡಿದ ಹೊಸ ದಾರಿಯ ಹೆಸರು ಇನ್ನೂ ತಮಾಷೆಯದು: ಶೂಗೇಜ್. ಅಂದರೆ ಬೂಟು ದಿಟ್ಟಿಸುವುದು! ಎಂಬತ್ತರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಹುಟ್ಟಿದ ಈ ಬಗೆಯಲ್ಲಿ ಗಿಟಾರಿನ ಸದ್ದನ್ನು ಕಾಲಡಿಯ ಪೆಡಲ್ ಡಬ್ಬಿಗಳಿಂದ ಹಿಗ್ಗಿಸಿ, ಮಂಜಿನಂತೆ ಹರಡುತ್ತಾರೆ. ದನಿ ಆ ಮಂಜಿನೊಳಗೆ ಅರ್ಧ ಮುಳುಗಿರುತ್ತದೆ. ಪೆಡಲ್ ಒತ್ತಲು ತಲೆ ತಗ್ಗಿಸಿ ನಿಂತವರನ್ನು ಕಂಡು ಪತ್ರಿಕೆಯವರು ಗೇಲಿಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಮೈ ಬ್ಲಡಿ ವ್ಯಾಲೆಂಟೈನ್ ತಂಡದ 1991ರ ‘ಲವ್‌ಲೆಸ್’ ಇದರ ಮೂಲಗ್ರಂಥ ಇದ್ದ ಹಾಗೆ.

ಹಾಗಾದರೆ ಕಿರುಚುವವನಿಗೂ ಈ ಮಂಜಿಗೂ ಎತ್ತಣ ನಂಟು? ನಂಟು ಮೊದಲಿಂದಲೂ ಇತ್ತು. ಕ್ಲಾರ್ಕ್ ಮತ್ತು ಗಿಟಾರಿನ ಕೆರಿ ಮೆಕಾಯ್ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ ಶಾಲಾ ದಿನಗಳಿಂದ ಗೆಳೆಯರು. ದೊಡ್ಡ ಶ್ರೀಮಂತರೇನಲ್ಲ. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಂಡ ಕಟ್ಟಿದರು. 2013ರಲ್ಲಿ ಬಂದ ‘ಸನ್‌ಬಾದರ್’ ಅವರ ಹೆಸರು ಎತ್ತಿತು. ಕ್ಲಾರ್ಕ್ ಒಮ್ಮೆ ಸಿರಿವಂತರ ಬಡಾವಣೆಯಲ್ಲಿ ಕಾರಿನಲ್ಲಿ ಸುತ್ತುತ್ತಿದ್ದನಂತೆ. ಒಂದು ಮನೆಯ ಮುಂದೆ ಹುಲ್ಲಿನ ಮೇಲೆ ಹುಡುಗಿಯೊಬ್ಬಳು ಆರಾಮಾಗಿ ಬಿಸಿಲು ಕಾಯಿಸುತ್ತ ಮಲಗಿದ್ದಳು. ಅವಳ ನಿಶ್ಚಿಂತೆ ಕಂಡು ತನ್ನ ಬದುಕು ನೆನೆದು ಇವನ ಹೊಟ್ಟೆಯಲ್ಲಿ ಏನೋ ಕಲಕಿತು. ಆಲ್ಬಮ್ಮಿನ ಹೆಸರು ಹುಟ್ಟಿದ್ದು ಅಲ್ಲಿ. ದೆವ್ವವೂ ಇಲ್ಲ, ಸೈತಾನನೂ ಇಲ್ಲ. ಬಾಡಿಗೆ ಮನೆಯವನ ಸಂಕಟ.

ರಕ್ಷಾಪುಟ ಬೇರೆ ಗುಲಾಬಿ ಬಣ್ಣ! ಕಪ್ಪು ಬಿಟ್ಟು ಬೇರೆ ಬಟ್ಟೆ ಮುಟ್ಟದ ಮೆಟಲ್ ಮಡಿವಂತರು ಸಿಟ್ಟಾದರು. ಕ್ಲಾರ್ಕ್‌ನ ನೀಟಾಗಿ ಬಾಚಿದ ಕ್ರಾಪನ್ನೂ ಬಿಡಲಿಲ್ಲ. ಇವರು ನಮ್ಮವರೇ ಅಲ್ಲ ಅಂತ ಒಂದು ಕಡೆ ತಕರಾರು, ವರ್ಷದ ಅತ್ಯುತ್ತಮಗಳಲ್ಲಿ ಇದೊಂದು ಅಂತ ವಿಮರ್ಶಕರು ಇನ್ನೊಂದು ಕಡೆ. ಆ ಆಲ್ಬಮ್ಮಿನಲ್ಲೇ ಕಿರುಚಾಟದ ಹಿಂದೆ ಶೂಗೇಜಿನ ಗಿಟಾರು ಹೊಳೆಯುತ್ತಿತ್ತು. ಕೇಳುವ ಕಿವಿ ಬೇಕಿತ್ತು ಅಷ್ಟೆ.

2015ರ ‘ನ್ಯೂ ಬರ್ಮುಡಾ’ ಮತ್ತೆ ಗಡುಸು. 2018ರ ಆಲ್ಬಮ್ಮಿನ ‘ಹನಿಕೂಂಬ್’ ಹಾಡಿಗೆ ಗ್ರ್ಯಾಮಿ ನಾಮಕರಣ ಬಂತು, ಪ್ರಶಸ್ತಿ ಬರಲಿಲ್ಲ. 2020ರಲ್ಲಿ ಹತ್ತು ವರ್ಷದ ಪ್ರವಾಸ ಹೊರಡಬೇಕು ಎನ್ನುವಾಗ ಕೋವಿಡ್ ಬಾಗಿಲು ಮುಚ್ಚಿಸಿತು. ಮರುವರ್ಷ ಬಂದದ್ದೇ ಆ ನೀಲಿ ರಕ್ಷಾಪುಟದ ‘ಇನ್‌ಫಿನಿಟ್ ಗ್ರಾನೈಟ್’. ನಿರ್ಮಾಪಕ ಜಸ್ಟಿನ್ ಮೆಲ್ಡಲ್-ಜಾನ್ಸನ್, ಎಂ83 ತಂಡದ ಜೊತೆ ಕೆಲಸ ಮಾಡಿದ್ದಾತ.

ಯಕ್ಷಗಾನದಲ್ಲಿ ವರ್ಷಗಟ್ಟಲೆ ಬಣ್ಣದ ವೇಷ ಕಟ್ಟಿ ಅಬ್ಬರಿಸಿದವನು ಒಂದು ರಾತ್ರಿ ಸ್ತ್ರೀವೇಷದಲ್ಲಿ ಬಂದರೆ ಹೇಗೋ ಹಾಗಾಯಿತು ಜನಕ್ಕೆ. ಕೆಲವರು ಮೆಚ್ಚಿದರು, ಕೆಲವರು ಮೋಸ ಹೋದೆವು ಅಂದರು. ನಿಜ ಹೇಳಬೇಕೆಂದರೆ ಕ್ಲಾರ್ಕ್‌ನ ಹಾಡುದನಿ ಅಂಥಾ ದೊಡ್ಡದೇನಲ್ಲ. ಕಿರುಚುವಾಗ ಇದ್ದ ಧೈರ್ಯ ಹಾಡುವಾಗ ಸ್ವಲ್ಪ ಸಂಕೋಚವಾಗಿದೆ. ಆದರೆ ಕಿರುಚಾಟದಲ್ಲಿ ತಪ್ಪು ಸ್ವರ ಯಾರಿಗೂ ಗೊತ್ತಾಗದು, ಹಾಡಿನಲ್ಲಿ ತಪ್ಪಿದರೆ ಮಗುವಿಗೂ ಗೊತ್ತಾಗುತ್ತೆ. ಇದ್ದ ಗಿರಾಕಿ ಕೈಬಿಟ್ಟರೂ ಸರಿ ಅಂತ ಹಾಗೆ ನಿಂತದ್ದು ಸಣ್ಣ ಮಾತಲ್ಲ. ಪಾಪ, ಕಷ್ಟ ಬಿದ್ದದ್ದು ಡ್ರಮ್ಮರ್ ಡೇನಿಯಲ್ ಟ್ರೇಸಿ ಇರಬೇಕು: ಸಿಡಿಯುವ ಕೈಯನ್ನು ಹಾಡಿನುದ್ದಕ್ಕೂ ಕಟ್ಟಿಕೊಂಡು ಕೂರಬೇಕು! ಕೊನೆಯ ಹಾಡು ‘ಮೊಂಬಾಸ’ ಮೆಲ್ಲಗೆ ಶುರುವಾಗಿ, ಮುಗಿಯುವ ಹೊತ್ತಿಗೆ ಕಟ್ಟೆ ಒಡೆಯುತ್ತದೆ. ಹಳೇ ಕಿರುಚು, ಹಳೇ ಡ್ರಮ್ಮು, ಎಲ್ಲ.

ಇದೇ ದಾರಿಯಲ್ಲಿ ಮೊದಲು ನಡೆದದ್ದು ಫ್ರಾನ್ಸಿನ ಆಲ್ಸೆಸ್ಟ್. ನೇಜ್ ಎಂಬಾತನ ತಂಡ. 2014ರ ‘ಶೆಲ್ಟರ್’ನಲ್ಲಿ ಮೆಟಲ್ಲನ್ನು ಪೂರಾ ಬಿಟ್ಟು, ಸ್ಲೋಡೈವ್ ತಂಡದ ನೀಲ್ ಹಾಲ್‌ಸ್ಟೆಡ್‌ನನ್ನೇ ಕರೆಸಿ ಒಂದು ಹಾಡು ಹಾಡಿಸಿದ. ಎರಡೇ ವರ್ಷಕ್ಕೆ ‘ಕೊಡಾಮ’ದಲ್ಲಿ ಕಿರುಚಾಟ ವಾಪಸು.

ಡೆಫ್‌ಹೆವನ್ನೂ ಹಾಗೇ. 2025ರ ಮಾರ್ಚಿನ ‘ಲೋನ್ಲಿ ಪೀಪಲ್ ವಿತ್ ಪವರ್’ನಲ್ಲಿ ಮತ್ತೆ ಉಗ್ರಾವತಾರ. ಹಳೇ ಗಿರಾಕಿಗಳಿಗೆ ಹಬ್ಬ. ತಮಾಷೆ ಏನಂದರೆ ಅದನ್ನೂ ಮಾಡಿಸಿದ್ದು ಅದೇ ಮೆಲ್ಡಲ್-ಜಾನ್ಸನ್. ಆದರೂ ‘ಹೀದನ್’ ಎಂಬ ಹಾಡಿನಲ್ಲಿ, ಕಿರುಚುವುದಕ್ಕೆ ಮುಂಚೆ, ಕ್ಲಾರ್ಕ್ ಇನ್ನೂ ಮೆತ್ತಗೆ ಹಾಡುತ್ತಾನೆ.