ನೈಲಾನ್‌ಗೂ ಬೇಕು ನೀರು

ಪ್ಲಾಸ್ಟಿಕ್ ನೀರು ಹೀರುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಬಕೆಟ್ಟು, ಕೊಡಗಳಿಗೆ ಬಳಸುವ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಮಟ್ಟಿಗೆ ಅದು ನಿಜವೂ ಹೌದು. ಯಂತ್ರಭಾಗಗಳಿಗೆ ಬಳಸುವ ಎಂಜಿನಿಯರಿಂಗ್ ಪ್ಲಾಸ್ಟಿಕ್‌ಗಳ ವಿಷಯದಲ್ಲಿ, ಮುಖ್ಯವಾಗಿ ನೈಲಾನ್ ವಿಷಯದಲ್ಲಿ, ಅದು ಸುಳ್ಳು.

ವೈರುಗಳನ್ನು ಬಿಗಿಯುವ ಕೇಬಲ್ ಟೈ ಹೆಚ್ಚಾಗಿ ನೈಲಾನ್ 66ರದು. ಹೊಸ ಪ್ಯಾಕೆಟ್ಟಿನ ಟೈ ಬೆರಳಿಗೆ ಸುತ್ತಿದರೂ ಮುರಿಯದು. ಬಾಯಿ ತೆರೆದೇ ಬೇಸಿಗೆ ಕಳೆದ ಪ್ಯಾಕೆಟ್ಟಿನದು ಎಳೆದೊಡನೆ ಪಟ್ಟೆಂದು ತುಂಡಾಗುತ್ತದೆ. ಮಾಲು ಕಳಪೆ ಎಂದು ಅಂಗಡಿಯವರನ್ನು ದೂರುವವರೇ ಹೆಚ್ಚು. ಆದರೆ ಎಷ್ಟೋ ಸಲ ಅಲ್ಲಿ ಆರಿಹೋಗಿರುವುದು ತೇವ. ನೈಲಾನಿನ ಅಣುಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಬಿಗಿಯಾಗಿ ಹಿಡಿದಿರುತ್ತವೆ. ನೀರು ಆ ಹಿಡಿತವನ್ನು ತುಸು ಸಡಿಲಿಸುವುದರಿಂದಲೇ ಟೈ ಬಳುಕುತ್ತದೆ. ತಯಾರಕರು ತೇವ ಉಳಿಯುವಂತೆ ಪ್ಯಾಕೆಟ್ಟನ್ನು ಮುಚ್ಚುವುದು ಇದಕ್ಕೇ.

ಅಚ್ಚಿಗೆ ಹೋಗುವ ನೈಲಾನ್ ಕಾಳುಗಳನ್ನು ಮಾತ್ರ ಒಣಗಿಸಲೇಬೇಕು. ಸುಮಾರು 260 ಡಿಗ್ರಿಯಲ್ಲಿ ಕರಗಿದಾಗ ಒಳಗಿನ ನೀರು ಸರಪಳಿಗಳನ್ನೇ ಕತ್ತರಿಸುತ್ತದೆ, ಮೇಲ್ಮೈಯಲ್ಲಿ ಬೆಳ್ಳಿಗೆರೆ ಬೀಳುತ್ತದೆ. ತೇವ ಹೀರಿದ ನೈಲಾನ್ ಅಳತೆಯಲ್ಲೂ ಹಿಗ್ಗುತ್ತದೆ. ಕೂದಲೆಳೆಯ ವ್ಯತ್ಯಾಸವನ್ನೂ ಸಹಿಸದ ಸಣ್ಣ ಗಿಯರುಗಳಿಗೆ ಅಸಿಟಾಲ್ ಎಂಬ ಇನ್ನೊಂದು ಎಂಜಿನಿಯರಿಂಗ್ ಪ್ಲಾಸ್ಟಿಕ್ ಒಳ್ಳೆಯದು.

ಪಾಲಿಕಾರ್ಬೊನೇಟ್ ಒಡೆಯುವುದೇ ಇಲ್ಲ ಎಂಬುದು ಇನ್ನೊಂದು ನಂಬಿಕೆ, ಇದು ಅಪಾಯಕಾರಿ ಕೂಡ. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್ ರೂಪಿಸಿದ ಈ ಪ್ಲಾಸ್ಟಿಕ್ ಸುತ್ತಿಗೆಯ ಏಟು ತಾಳುತ್ತದೆ. ಪೆಟ್ರೋಲ್, ಥಿನ್ನರ್, ಅಸಿಟೋನ್ ತಾಳುವುದಿಲ್ಲ. ಹೆಲ್ಮೆಟ್ಟಿನ ಮುಂದಿನ ಗ್ಲಾಸನ್ನು ಇವುಗಳಿಂದ ಒರೆಸಿದರೆ ಸೂಕ್ಷ್ಮ ಬಿರುಕುಗಳ ಜಾಲ ಹರಡಬಹುದು. ಚಿಪ್ಪೂ ಪಾಲಿಕಾರ್ಬೊನೇಟ್ ಆಗಿದ್ದರೆ, ಕಣ್ಣಿಗೆ ಏನೂ ಕಾಣದೆಯೇ ಅದರ ಬಲ ಕುಂದಿರಬಹುದು. ಒರೆಸಲು ಸೋಪು ನೀರು ಸಾಕು.

ಕಾರಿನ ಬಾನೆಟ್ ಎತ್ತಿ ಪ್ಲಾಸ್ಟಿಕ್ ಕಂಡೊಡನೆ 'ದುಡ್ಡು ಉಳಿಸಿದ್ದಾರೆ, ಬಿಸಿಗೆ ಕರಗುತ್ತದೆ' ಎನ್ನುವವರುಂಟು. ರೇಡಿಯೇಟರಿನ ಎರಡು ಬದಿಯ ಟ್ಯಾಂಕುಗಳು, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡು ಅನೇಕ ಕಾರುಗಳಲ್ಲಿ ಗಾಜಿನ ನಾರು ಬೆರೆಸಿದ ನೈಲಾನಿನವು. ಬರಿಯ ನೈಲಾನ್ 66 ಭಾರದಡಿ ಸುಮಾರು 75 ಡಿಗ್ರಿಗೇ ಬಾಗತೊಡಗುತ್ತದೆ. ಶೇ. 30ರಷ್ಟು ಗಾಜಿನ ನಾರು ಸೇರಿದರೆ ಅದೇ ಮಿತಿ 250ರ ಆಸುಪಾಸಿಗೆ ಏರುತ್ತದೆ, ಕರಗುವ ಉಷ್ಣತೆ ಮಾತ್ರ ಬದಲಾಗುವುದಿಲ್ಲ. ಪಾಲಿಕಾರ್ಬೊನೇಟ್‌ಗೆ ಅಷ್ಟೇ ನಾರು ಬೆರೆಸಿದರೂ ಇಂಥ ಜಿಗಿತ ಸಿಗದು. ನೈಲಾನಿನಲ್ಲಿರುವ ಸ್ಫಟಿಕದಂಥ ಅಣುಜೋಡಣೆ ಅದರಲ್ಲಿಲ್ಲ. ಸುಮಾರು 147 ಡಿಗ್ರಿ ದಾಟಿತೆಂದರೆ ನಾರಿನ ಸುತ್ತಲಿನ ಪ್ಲಾಸ್ಟಿಕ್ಕೇ ಮೆತ್ತಗಾಗುತ್ತದೆ.