ಹಿನ್ನೀರಿನಲ್ಲಿ ತೇಲಿದ ಆಂಟೆನಾ

ತೊರವಿ ಕಡೆಯ ಎರೆಹೊಲದಲ್ಲಿ ಬಾವಿ ತೋಡಿದವರಿಗೆ ಗೊತ್ತು: ಮೇಲೆ ಬಿರಿದ ಒಣಮಣ್ಣು, ಕೆಳಗೆ ಹಸಿ, ಅದರಡಿ ಗರಸು, ಆಮೇಲೆ ಕರಿಕಲ್ಲು. ವಿಶ್ವದ ಮೊದಲ ನಕ್ಷತ್ರಗಳ ಸುಳಿವು ಹುಡುಕುವವರಿಗೆ ಇಂಥ ಪದರಗಳೇ ದೊಡ್ಡ ತೊಡಕು. ಆಂಟೆನಾವನ್ನು ನೆಲದ ಮೇಲಿಟ್ಟರೆ ರೇಡಿಯೋ ಅಲೆಗಳು ಪದರಪದರಕ್ಕೂ ಬಡಿದು ಮರಳಿ, ಇಲ್ಲದ ಗುರುತನ್ನೂ ಇದೆ ಎಂದು ತೋರಿಸಿಬಿಡಬಹುದು.

ಅದಕ್ಕೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಾವೇ ಕಟ್ಟಿದ 'ಸರಸ್-3' ಉಪಕರಣವನ್ನು ನೀರಿಗಿಳಿಸಿದರು. 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ಅದು ತೇಲಿತು. ತೆಪ್ಪದ ಮೇಲೆ ಶಂಕುವಿನಾಕಾರದ ಆಂಟೆನಾ. ಕೆಳಗೆ ಎಲ್ಲೆಡೆ ಒಂದೇ ಗುಣದ ನೀರು. ಊರುಗಳಿಂದ ದೂರ ಹೋಗಬೇಕಾದ್ದಕ್ಕೆ ಇನ್ನೊಂದು ಕಾರಣ, ಅವರಿಗೆ ಬೇಕಿದ್ದ ತರಂಗಗಳು ಎಫ್‌ಎಂ ರೇಡಿಯೋದ ಪಕ್ಕದಲ್ಲೇ ಇವೆ.

ಜಲಜನಕದ ಪರಮಾಣು 1420 ಮೆಗಾಹರ್ಟ್ಸ್‌ನ ಅಲೆಯನ್ನು ಹೀರುತ್ತದೆ, ಹೊಮ್ಮಿಸುತ್ತದೆ. ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಆ ಗುರುತು, ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗಿ, ಇಂದು 80 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸಿಗಬೇಕು. ಆದರೆ ನಮ್ಮ ಆಕಾಶಗಂಗೆಯ ಗದ್ದಲ ಅದಕ್ಕಿಂತ ಸಾವಿರಾರು ಪಟ್ಟು ಜೋರು. 2018ರಲ್ಲಿ ಅಮೆರಿಕದ 'ಎಡ್ಜಸ್' ತಂಡ, ಪಶ್ಚಿಮ ಆಸ್ಟ್ರೇಲಿಯಾದ ನೆಲದ ಮೇಲೆ ಅಳೆದು, 78 ಮೆಗಾಹರ್ಟ್ಸ್‌ನಲ್ಲಿ ತಗ್ಗಿನಂಥ ಗುರುತು ಸಿಕ್ಕಿತೆಂದು ಪ್ರಕಟಿಸಿತು. ಅದು ಸಿದ್ಧಾಂತ ಒಪ್ಪುವುದಕ್ಕಿಂತ ಎರಡು ಪಟ್ಟು ಆಳವಾಗಿತ್ತು. ಅದನ್ನು ವಿವರಿಸಲು ಹಲವರು ಕಪ್ಪುದ್ರವ್ಯಕ್ಕೆ ಹೊಸ ಗುಣಗಳನ್ನೇ ಊಹಿಸಿದರು.

2022ರ ಫೆಬ್ರುವರಿಯಲ್ಲಿ ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮೊದಲಾದವರ ತಂಡದ ಉತ್ತರ 'ನೇಚರ್ ಅಸ್ಟ್ರಾನಮಿ'ಯಲ್ಲಿ ಬಂತು: ಆ ಗುರುತು ನಮ್ಮ ಅಳತೆಯಲ್ಲಿ ಇಲ್ಲ. ಖಚಿತತೆ ಶೇ. 95.3.

'ಇಲ್ಲ' ಎನ್ನುವುದು ಇಲ್ಲಿ ದೊಡ್ಡ ಶೋಧ. ಹಾಗೆನ್ನಬೇಕಾದರೆ ತಮ್ಮ ಉಪಕರಣದ ಒಂದೊಂದು ತಂತಿಯ ಗುಣವೂ ಗೊತ್ತಿರಬೇಕು. ವಿಶ್ವವಿಜ್ಞಾನವೆಂದರೆ ಬರೀ ಸಮೀಕರಣ ಎಂದುಕೊಂಡವರು ಈ ತಂಡವನ್ನು ನೋಡಬೇಕು. ಆಂಟೆನಾ ರೂಪಿಸುವವರು, ರಿಸೀವರ್ ಕಟ್ಟುವವರು, ದತ್ತಾಂಶ ಸೋಸುವವರು ಸೇರಿಯೇ ಈ ಫಲಿತಾಂಶ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಗೆ ವಿಶ್ವದ ಬಾಲ್ಯ ತನ್ನ ವಿಷಯವಲ್ಲ ಅನಿಸಬೇಕಾಗಿಲ್ಲ. ಮಯೂರಿ ಸತ್ಯನಾರಾಯಣ ರಾವ್ ಎಂಬ ಮಹಿಳೆ ಇದೇ ತಂಡದ ವಿಜ್ಞಾನಿ.

ರಾಮನ್ ಸಂಸ್ಥೆಯ ಮುಂದಿನ ಯೋಜನೆ 'ಪ್ರತುಷ್'. ಚಂದ್ರನನ್ನು ಸುತ್ತುತ್ತ, ಭೂಮಿ ಮರೆಯಾಗುವ ಹಿಂಬದಿಯಲ್ಲಿ ಅಳತೆ ಮಾಡುವ ಉದ್ದೇಶ. ಅಲ್ಲಿ ಎಫ್‌ಎಂ ಕಾಟವಿಲ್ಲ, ಮಣ್ಣಿನ ಪದರಗಳ ಕಾಟವೂ ಇಲ್ಲ. ಆದರೆ ನೌಕೆಯದೇ ವಿದ್ಯುತ್ ಮಂಡಲಗಳ ಸದ್ದನ್ನು ಅಡಗಿಸುವ ಕೆಲಸ ಇದ್ದೇ ಇರುತ್ತದೆ.